ಕಾರಿಗೆ ಹೊಸ ಮ್ಯೂಸಿಕ್ ಸೆಟ್ ಹಾಕಿಸಿದ ಮೇಲೆ ಕರೆಂಟಿನ ತೊಂದರೆ: ಲಕ್ಷಣ ನೋಡಿ ವಯರು ಹುಡುಕುವ ಬಗೆ

ಆಟಿ ತಿಂಗಳ ಒಂದು ಬೆಳಿಗ್ಗೆ ಬದಿಯಡ್ಕದ ಹತ್ತಿರದ ನಮ್ಮ ಮನೆಯಂಗಳದಲ್ಲಿ ಕಾರು ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ ಟಕ್ ಟಕ್ ಸದ್ದು ಮಾತ್ರ. ಅಮ್ಮನನ್ನು ಕಾಸರಗೋಡಿಗೆ ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಬೇಕಿತ್ತು. ಜಡಿಮಳೆಯಲ್ಲಿ ಒಂದೇ ಕೊಡೆ ಹಿಡಿದು ಇಬ್ಬರೂ ಬಸ್ಸಿಗೆ ನಡೆದೆವು. ಹಿಂದಿನ ವಾರವಷ್ಟೇ ಟಚ್ ಸ್ಕ್ರೀನಿನ ಹೊಸ ಸೆಟ್ ಹಾಕಿಸಿದ್ದೆ. ಹಾಕಿಕೊಟ್ಟವರಿಗೆ ಫೋನು ಮಾಡಿದರೆ "ಬ್ಯಾಟರಿ ಹಳತಾಗಿದೆ, ಬದಲಿಸಿ" ಎಂದರು. ಬದಲಿಸಿದೆ. ನಾಲ್ಕನೇ ದಿನ ಹೊಸ ಬ್ಯಾಟರಿಯೂ ಮಲಗಿತು.

ಕೊನೆಗೆ ಸೆಟ್ಟನ್ನು ಹೊರಗೆಳೆದು ನೋಡಿದೆ. ಹಳದಿ ವಯರು, ಕೆಂಪು ವಯರು ಎರಡನ್ನೂ ಒಟ್ಟಿಗೆ ತಿರುಚಿ ಒಂದೇ ತಂತಿಗೆ ಸೇರಿಸಿ ಕಪ್ಪು ಟೇಪು ಸುತ್ತಿದ್ದರು. ಟೇಪಿನ ಅಂಟು ಕರಗಿ ಬೆರಳಿಗೆ ಮೆತ್ತಿತು. ಬಿಡಿಸಿದರೆ ಒಳಗಿನ ತಾಮ್ರ ಆಗಲೇ ಹಸಿರು ಹಿಡಿಯತೊಡಗಿತ್ತು. ಕೀ ತೆಗೆದರೂ ಆ ಸೆಟ್ಟಿಗೆ "ಇನ್ನು ಮಲಗು" ಎಂದು ಹೇಳುವವರೇ ಇರಲಿಲ್ಲ. ಸ್ಕ್ರೀನ್ ಕಪ್ಪಾಗಿದ್ದರೂ ರಾತ್ರಿಯಿಡೀ ಒಳಗೆ ಕೆಲಸ ಮಾಡುತ್ತಲೇ ಇತ್ತು. ಎರಡು ವಯರನ್ನು ಬೇರೆ ಮಾಡಿದ್ದೇ ತೊಂದರೆ ನಿಂತಿತು. ಬ್ಯಾಟರಿಗೆ ಕೊಟ್ಟ ದುಡ್ಡು ಮಾತ್ರ ಹೋದದ್ದು ಹೋಯಿತು.

ಆಮೇಲೆ ನೆರೆಕರೆಯ, ನೆಂಟರ ಎಷ್ಟೋ ಕಾರುಗಳ ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಿದ್ದೇನೆ. ಹೊಸ ಸೆಟ್ ಹಾಕಿದ ದಿನದಿಂದ ಶುರುವಾದ ತೊಂದರೆಗೆ ಕಾರಣ ಬಹುಮಟ್ಟಿಗೆ ಸಿಗುವುದು ಜೋಡಣೆಯಲ್ಲೇ. ಹಾಗಾಗಿ ಯಾವ ಸಾಮಾನನ್ನೂ ಬದಲಿಸುವ ಮೊದಲು ಲಕ್ಷಣ ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳಿ.

ಕೈ ಹಾಕುವ ಮೊದಲು

ಬೇಕಾದದ್ದು ಒಂದು ಡಿಜಿಟಲ್ ಮಲ್ಟಿಮೀಟರ್, 10ನೇ ನಂಬರಿನ ಸ್ಪ್ಯಾನರ್, ಸ್ಕ್ರೂ ಡ್ರೈವರ್, ಟಾರ್ಚು. ಮನೆಯಲ್ಲಿ ಸ್ವಿಚ್ಚು ರಿಪೇರಿಗೆ ಇಟ್ಟುಕೊಂಡ ಅಗ್ಗದ ಮೀಟರೇ ಸಾಕು.

ವಯರು ಬಿಡಿಸುವ, ಸೇರಿಸುವ ಕೆಲಸವಿದ್ದರೆ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿ. ಮೊದಲು ಮೈನಸ್ಸೇ ಯಾಕೆಂದರೆ, ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಬಾಡಿಯ ಲೋಹಕ್ಕೆ ತಾಗಿದರೆ ಅಲ್ಲೇ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಮೈನಸ್ ಕಳಚಿದ್ದರೆ ಆ ಭಯವಿಲ್ಲ. ಕೈಯ ಉಂಗುರ, ಬಳೆ, ಲೋಹದ ವಾಚು ತೆಗೆದಿಡಿ. ಬ್ಯಾಟರಿಯ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ; ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಕೆಲವು ಕಾರುಗಳ ಕಂಪನಿ ಸೆಟ್ ಬ್ಯಾಟರಿ ಕಳಚಿದ ಮೇಲೆ ಕೋಡ್ ಕೇಳುತ್ತದೆ. ಅಂಥ ಸೆಟ್ಟನ್ನೇ ತಿರುಗಿ ಹಾಕುವುದಿದ್ದರೆ ಕೋಡ್ ಇರುವ ಕಾರ್ಡು ಮೊದಲೇ ಹುಡುಕಿಟ್ಟುಕೊಳ್ಳಿ.

ಹಳದಿ ಕವಚದ ವಯರು, ಹಳದಿ ಕಪ್ಲರ್ (ವಯರುಗಳನ್ನು ಸೇರಿಸುವ ಪ್ಲಗ್) ಕಂಡರೆ ಮುಟ್ಟಬೇಡಿ. ಅದು ಏರ್‌ಬ್ಯಾಗಿನದ್ದು; ಮುಂದೆ ಹೇಳುವ ಸೆಟ್ಟಿನ ಹಳದಿ ವಯರು ಬೇರೆ. ಟೆಸ್ಟ್ ಲ್ಯಾಂಪ್, ಮೀಟರ್ ಯಾವುದನ್ನೂ ಅದಕ್ಕೆ ಚುಚ್ಚಬಾರದು. ಅಷ್ಟು ಸಣ್ಣ ಕರೆಂಟಿಗೂ ಬ್ಯಾಗು ಸಿಡಿಯಬಹುದು. ನಮ್ಮ ದೇಶದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯ, ಆದ್ದರಿಂದ ಸಣ್ಣ ಕಾರಿನಲ್ಲೂ ಇದು ಇದೆ ಎಂದೇ ತಿಳಿದು ಕೆಲಸ ಮಾಡಿ. ಸೆಟ್ ಹಾಕಿದ ಮೇಲೆ ಮೀಟರ್ ಬೋರ್ಡಿನಲ್ಲಿ ಏರ್‌ಬ್ಯಾಗಿನ ದೀಪ ಆರದೆ ಉಳಿದಿದ್ದರೆ ಈ ಬರಹ ನಿಮಗಲ್ಲ. ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ.

ಸೆಟ್ಟಿನ ಹಿಂದಿನ ಬಣ್ಣಗಳು

ಹೊರಗಿನಿಂದ ತರುವ ಸೆಟ್ಟುಗಳಲ್ಲಿ ಬಣ್ಣಗಳ ಲೆಕ್ಕ ಹೆಚ್ಚುಕಡಿಮೆ ಒಂದೇ. ಹಳದಿಗೆ ಸದಾ 12 ವೋಲ್ಟ್, ನೆನಪು ಉಳಿಯಲು. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್. ಕಪ್ಪು ಅರ್ತ್, ಅಂದರೆ ಕಾರಿನ ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಹೋಗುವ ದಾರಿ. ನೀಲಿ ಆಂಟೆನಾಕ್ಕೆ, ನೀಲಿಗೆ ಬಿಳಿ ಗೆರೆ ಇರುವುದು ಆಂಪ್ಲಿಫೈಯರ್ (ಸದ್ದಿಗೆ ಬಲ ಕೊಡುವ ಪೆಟ್ಟಿಗೆ) ಎಬ್ಬಿಸಲು. ಕಿತ್ತಳೆ, ರಾತ್ರಿ ಪಾರ್ಕಿಂಗ್ ಲೈಟ್ ಹಾಕಿದಾಗ ಸೆಟ್ಟಿನ ಬೆಳಕು ತಗ್ಗಿಸಲು. ಸ್ಪೀಕರುಗಳಿಗೆ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣಕ್ಕೆ ಕಪ್ಪು ಗೆರೆ ಇದ್ದರೆ ಅದರ ಮೈನಸ್.

ಇದು ಸೆಟ್ಟಿನ ಕಡೆಯ ಬಣ್ಣ. ಕಾರಿನ ಕಡೆಯ ಬಣ್ಣ ಒಂದೊಂದು ಕಂಪನಿಯದ್ದು ಒಂದೊಂದು. ಬಣ್ಣಕ್ಕೆ ಬಣ್ಣ ಸೇರಿಸಿ ಕೈ ತೊಳೆದುಕೊಂಡವರಿಂದಲೇ ಅರ್ಧ ತೊಂದರೆ ಹುಟ್ಟುವುದು. ಸೇರಿಸುವ ಮೊದಲು ಮೀಟರಿನಲ್ಲಿ ನೋಡಲೇಬೇಕು.

ಸೆಟ್ ಆನ್ ಆಗುವುದೇ ಇಲ್ಲ

ಫ್ಯೂಸಿನಿಂದ ಶುರುಮಾಡಿ. ಫ್ಯೂಸುಗಳು ಎರಡು ಕಡೆ ಇರುತ್ತವೆ: ಸೆಟ್ಟಿನ ಬೆನ್ನಿನಲ್ಲಿ ಅಥವಾ ಅದರ ಹಳದಿ ವಯರಿನಲ್ಲಿ ಒಂದು, ಕಾರಿನ ಫ್ಯೂಸ್ ಬಾಕ್ಸಿನಲ್ಲಿ ಇನ್ನೊಂದು. ಕಾರಿನ ಆ ಫ್ಯೂಸ್ ಬಹಳಷ್ಟು ಗಾಡಿಗಳಲ್ಲಿ ಒಳಗಿನ ದೀಪಕ್ಕೂ ಗಡಿಯಾರಕ್ಕೂ ಸೇರಿದ್ದು. ಸೆಟ್ಟಿನ ಜೊತೆ ಒಳಗಿನ ದೀಪವೂ ಹೋಗಿದ್ದರೆ ಆ ಫ್ಯೂಸ್ ಸುಟ್ಟಿದೆ ಎಂದು ಬಿಚ್ಚುವ ಮೊದಲೇ ಹೇಳಬಹುದು.

ಫ್ಯೂಸ್ ಸರಿ ಇದ್ದರೆ ಕಪ್ಲರ್ ಹತ್ತಿರ ಮೀಟರ್ ಇಡಿ. ಕೀ ತೆಗೆದಿರುವಾಗ ಹಳದಿಯಲ್ಲಿ ಸುಮಾರು 12.5 ವೋಲ್ಟ್, ಕೆಂಪಿನಲ್ಲಿ ಸೊನ್ನೆ. ಕೀ ಒಂದು ಹಂತ ತಿರುಗಿಸಿದರೆ ಕೆಂಪಿನಲ್ಲೂ 12. ಎರಡೂ ಬರುತ್ತಿದ್ದು ಸೆಟ್ ಏಳದಿದ್ದರೆ ಹೆಚ್ಚಾಗಿ ಅರ್ತ್ ಇಲ್ಲ ಎಂದು ಅರ್ಥ. ಒಂದು ಉದ್ದ ವಯರಿನಲ್ಲಿ ಸೆಟ್ಟಿನ ಕಪ್ಪನ್ನು ನೇರ ಬ್ಯಾಟರಿಯ ಮೈನಸ್ಸಿಗೆ ಸೇರಿಸಿ ನೋಡಿ. ತಟ್ಟನೆ ಬೆಳಗಿದರೆ ರೋಗ ಸಿಕ್ಕಿತು. ಇಷ್ಟಾದರೂ ಏಳದಿದ್ದರೆ ಸ್ಪೀಕರಿನ ಕಪ್ಲರ್ ಮಾತ್ರ ಕಳಚಿ ಆನ್ ಮಾಡಿ. ಆಗ ಎದ್ದರೆ ಯಾವುದೋ ಸ್ಪೀಕರ್ ವಯರು ಬಾಡಿಗೆ ತಾಗುತ್ತಿದೆ, ಸೆಟ್ ತನ್ನನ್ನು ಕಾಪಾಡಿಕೊಳ್ಳಲು ಬಂದ್ ಆಗುತ್ತಿದೆ.

ಪ್ರತಿ ಸಲ ಗಡಿಯಾರ, ಸ್ಟೇಷನ್ ಎಲ್ಲ ಮರೆಯುತ್ತದೆ

ಹಳದಿಗೆ ಸದಾ ಬರಬೇಕಾದ ಕರೆಂಟು ಬರುತ್ತಿಲ್ಲ. ಹಳದಿ, ಕೆಂಪು ಅದಲುಬದಲಾಗಿರಬಹುದು, ಇಲ್ಲವೇ ಎರಡೂ ಕೀ ಕಡೆಯ ತಂತಿಗೆ ಸೇರಿರಬಹುದು. ಕೆಲವು ಯುರೋಪಿನ ಕಾರುಗಳ ಕಪ್ಲರಿನಲ್ಲಿ ಈ ಎರಡು ಪಿನ್ನುಗಳ ಜಾಗವೇ ತಿರುವುಮುರುವು. ಅದಕ್ಕೆಂದೇ ಎಷ್ಟೋ ಕಪ್ಲರುಗಳಲ್ಲಿ ಹಳದಿ, ಕೆಂಪಿಗೆ ನಡುವೆ ಬಿಡಿಸಿ ಅದಲುಬದಲು ಮಾಡುವ ಸಣ್ಣ ಜೋಡಣೆ ಕೊಟ್ಟಿರುತ್ತಾರೆ. ಐದು ನಿಮಿಷದ ಕೆಲಸ.

ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಮಾತ್ರ ಸೆಟ್ ಒಮ್ಮೆ ಆರಿ ಎದ್ದರೆ ಅದು ದೋಷವಲ್ಲ. ಸ್ಟಾರ್ಟರಿಗೆ ಪೂರ್ತಿ ಬಲ ಸಿಗಲೆಂದು ಕೆಂಪಿನ ಕರೆಂಟು ಆ ಹೊತ್ತಿಗೆ ಕಡಿಯುತ್ತದೆ.

ಎರಡು ಮೂರು ದಿನ ನಿಂತರೆ ಬ್ಯಾಟರಿ ಇಳಿದಿರುತ್ತದೆ

ಊರಿನಲ್ಲಿ ಇದೇ ದೊಡ್ಡ ಉಪದ್ರ. ಅಡಿಕೆ ಕೊಯ್ಲಿನ ಸಮಯದಲ್ಲೋ ಬಿಡದ ಮಳೆಯಲ್ಲೋ ಕಾರು ನಾಲ್ಕು ದಿನ ಶೆಡ್ಡಿನಿಂದ ಹೊರಗೆ ಬರುವುದಿಲ್ಲ. ಪೇಟೆಯವರಿಗೆ ದಿನಾ ಓಡಾಟವಿರುವುದರಿಂದ ಕಾಣದ ಸೋರಿಕೆ ನಮಗೆ ಕಾಣುತ್ತದೆ.

ಮೊದಲು ಬ್ಯಾಟರಿಯನ್ನು ನೋಡಿ, ಅದಕ್ಕೆ ಖರ್ಚಿಲ್ಲ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಅದು ತುಂಬಿದೆ. 12.2 ಇದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ ಅದೇ ಜಾಗದಲ್ಲಿ 13.8ರಿಂದ 14.4ರವರೆಗೆ ಬರಬೇಕು. ಎಂಜಿನ್ ಓಡಿದರೂ 12ರ ಆಸುಪಾಸಿನಲ್ಲೇ ನಿಂತಿದ್ದರೆ ಚಾರ್ಜೇ ಆಗುತ್ತಿಲ್ಲ, ಅದು ಆಲ್ಟರ್ನೇಟರಿನ (ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಯಂತ್ರ) ಮಾತು, ಸೆಟ್ಟನ್ನು ಬಿಟ್ಟುಬಿಡಿ.

ಎರಡೂ ಸರಿ ಇದ್ದರೆ ಸೋರಿಕೆ ಅಳೆಯಬೇಕು. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರಿನ ತೂತಿಗೆ ಹಾಕಿ, ಗುಂಡಿಯನ್ನು ಡಿಸಿ 10 ಆಂಪಿಯರಿಗೆ ತಿರುಗಿಸಿ. ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿ, ಕಳಚಿದ ಕ್ಲಾಂಪಿಗೂ ಬ್ಯಾಟರಿಯ ಮೈನಸ್ ಕಂಬಕ್ಕೂ ನಡುವೆ ಮೀಟರ್ ಇಡಿ. ಬಾಗಿಲು ಹಾಕಿರಲಿ, ಕೀ ಜೇಬಿನಲ್ಲಿರಲಿ, ಕೀ ಇಲ್ಲದೆ ತೆರೆಯುವ ಕಾರಾದರೆ ಕೀಯನ್ನು ಮನೆಯೊಳಗೇ ಇಡಿ. ಶುರುವಿಗೆ ಮೀಟರ್ ದೊಡ್ಡ ಸಂಖ್ಯೆ ತೋರಿಸುತ್ತದೆ, ಹೆದರಬೇಡಿ. ಕಾರಿನ ಕಂಪ್ಯೂಟರುಗಳು ಮಲಗಲು ಅರ್ಧ ಗಂಟೆ ಬೇಕಾಗಬಹುದು. ಚಾ ಕುಡಿದು ಬನ್ನಿ.

ಅರ್ಧ ಗಂಟೆಯ ಮೇಲೆ 50 ಮಿಲಿಆಂಪಿಯರಿನ ಒಳಗೆ ಇದ್ದರೆ ಸರಿ. ನನ್ನ ಕಾರಿನಲ್ಲಿ ಕಂಡದ್ದು 0.3 ಆಂಪಿಯರ್. ಲೆಕ್ಕ ಹಾಕಿ: 24 ಗಂಟೆಗೆ 7.2 ಆಂಪಿಯರ್ ಅವರ್. ಸಣ್ಣ ಕಾರಿನ 35 ಆಂಪಿಯರ್ ಅವರಿನ ಬ್ಯಾಟರಿ ಎರಡೂವರೆ ದಿನಕ್ಕೆ ಅರ್ಧ ಖಾಲಿ. ಹೊಸ ಬ್ಯಾಟರಿ ನಾಲ್ಕನೇ ದಿನ ಸೋತದ್ದು ಯಾಕೆಂದು ಆ ಸಂಖ್ಯೆ ಕಂಡಾಗ ನನಗೆ ಹೊಳೆಯಿತು.

ಮೀಟರ್ ಹಾಗೇ ಇರುವಾಗ ಸೆಟ್ಟಿನ ಫ್ಯೂಸ್ ಕೀಳಿ. ಸಂಖ್ಯೆ ಇಳಿದರೆ ಕಳ್ಳ ಸೆಟ್ಟೇ ಅಥವಾ ಅದರ ಜೋಡಣೆ. ಇಳಿಯದಿದ್ದರೆ ಉಳಿದ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿ, ತಿರುಗಿ ಅದೇ ಜಾಗಕ್ಕೆ ಹಾಕಿ. ಸೆಟ್ಟೇ ಎಂದಾದರೆ ನೋಡಬೇಕಾದ್ದು ಮೂರು: ಕೆಂಪು ಸದಾ ಕರೆಂಟಿರುವ ತಂತಿಗೆ ಸೇರಿದೆಯೇ, ಆಂಪ್ಲಿಫೈಯರ್ ಎಬ್ಬಿಸುವ ನೀಲಿ-ಬಿಳಿ ವಯರಿನಲ್ಲಿ ಕೀ ತೆಗೆದ ಮೇಲೂ 12 ವೋಲ್ಟ್ ಉಳಿದಿದೆಯೇ, ಆಂಡ್ರಾಯ್ಡ್ ಸೆಟ್ಟಾದರೆ ಸೆಟ್ಟಿಂಗಿನಲ್ಲಿ ಬೇಗ ಏಳಲೆಂದು ದಿನಗಟ್ಟಲೆ ಅರೆನಿದ್ದೆಯಲ್ಲಿ ಇರುವ ಆಯ್ಕೆ ಹಾಕಿದೆಯೇ. ಮೂರನೆಯದನ್ನು ತೆಗೆದರೆ ಸೆಟ್ ಏಳಲು ಅರ್ಧ ನಿಮಿಷ ಹೆಚ್ಚು ಬೇಕಾಗಬಹುದು, ಆದರೆ ನಮ್ಮಂಥ ಓಡಾಟಕ್ಕೆ ಅದೇ ಒಳ್ಳೆಯದು.

ಎಚ್ಚರಿಕೆ ಎರಡು. ಮೀಟರ್ ಹೀಗೆ ಸೇರಿಸಿರುವಾಗ ಕಾರು ಸ್ಟಾರ್ಟ್ ಮಾಡಬಾರದು. ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುತ್ತದೆ, ಮೀಟರ್ ಸುಡುತ್ತದೆ. ಕೆಲಸ ಮುಗಿದ ಕೂಡಲೇ ಕೆಂಪು ಕಡ್ಡಿಯನ್ನು ವೋಲ್ಟಿನ ತೂತಿಗೆ ತಿರುಗಿ ಹಾಕಿ. ಮರೆತು ಹಾಗೇ ಬ್ಯಾಟರಿಯ ಪ್ಲಸ್ ಮೈನಸ್ಸಿಗೆ ಇಟ್ಟರೆ ನೇರ ಶಾರ್ಟ್.

ಎಂಜಿನ್ ಜೊತೆ ಏರುವ ಕುಂಯ್ ಸದ್ದು

ಆಕ್ಸಿಲರೇಟರ್ ಒತ್ತಿದ ಹಾಗೆ ಸ್ಪೀಕರಿನಲ್ಲಿ ಸದ್ದಿನ ಶ್ರುತಿಯೂ ಏರುತ್ತದೆ. ಯಕ್ಷಗಾನದ ಪದ ಕೇಳುವಾಗ ಭಾಗವತರು ಆಲಾಪಕ್ಕೆ ಎಳೆದ ಕಡೆ ಹಿಂದಿನಿಂದ ಇದು ಕೊರೆದರೆ ಮನಸ್ಸಿಗೆ ಎಷ್ಟು ಕಿರಿಕಿರಿ ಎಂದು ಅನುಭವಿಸಿದವರಿಗೇ ಗೊತ್ತು. ಇದು ಆಲ್ಟರ್ನೇಟರಿನ ಸದ್ದು, ಹೆಚ್ಚಾಗಿ ಕೆಟ್ಟ ಅರ್ತಿನ ದಾರಿಯಲ್ಲಿ ಒಳಗೆ ಬಂದದ್ದು.

ಮೊದಲ ಪರೀಕ್ಷೆ ಬಿಟ್ಟಿ: ಫೋನಿನ ಚಾರ್ಜರ್ ಕೀಳಿ. ಫೋನಿನಿಂದ ಸೆಟ್ಟಿಗೆ ಚುಚ್ಚುವ ಆಕ್ಸ್ ವಯರಿನಲ್ಲಿ ಹಾಡು ಬರುತ್ತಿದ್ದು ಅದೇ ಫೋನು ಲೈಟರ್ ಸಾಕೆಟ್ಟಿನಲ್ಲಿ ಚಾರ್ಜ್ ಆಗುತ್ತಿದ್ದರೆ ಎರಡು ದಾರಿಯ ಅರ್ತ್ ಸೇರಿ ಸುತ್ತಾಗುತ್ತದೆ, ಸದ್ದು ಬರುತ್ತದೆ. ಚಾರ್ಜರ್ ಕಿತ್ತಾಗ ನಿಂತರೆ ಬ್ಲೂಟೂತಿನಲ್ಲಿ ಕೇಳಿ, ಅಥವಾ ಆಕ್ಸ್ ವಯರಿನ ನಡುವೆ ಆ ಸುತ್ತನ್ನು ಕಡಿಯುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ.

ನಿಲ್ಲದಿದ್ದರೆ ವಾಲ್ಯೂಮ್ ಸೊನ್ನೆ ಮಾಡಿ ಕೇಳಿ. ವಾಲ್ಯೂಮಿನ ಜೊತೆ ಕುಂಯ್ ಕೂಡ ತಗ್ಗಿದರೆ ಸದ್ದು ಸೆಟ್ಟಿನ ಒಳಕ್ಕೆ ಬರುವ ದಾರಿಯಲ್ಲಿ ಸೇರುತ್ತಿದೆ. ಸೊನ್ನೆಯಲ್ಲೂ ಹಾಗೇ ಇದ್ದರೆ ಸೆಟ್ಟಿನಿಂದ ಆಂಪ್ಲಿಫೈಯರಿಗೆ ಹೋಗುವ ದಾರಿಯಲ್ಲಿ, ಇಲ್ಲವೇ ಆಂಪ್ಲಿಫೈಯರಿನ ಅರ್ತಿನಲ್ಲಿ.

ಆಮೇಲೆ ಅರ್ತ್. ನೆರೆಮನೆಯವರ ಕಾರಿನಲ್ಲಿ ಅರ್ತ್ ವಯರನ್ನು ಸೆಟ್ ನಿಲ್ಲಿಸುವ ಪಟ್ಟಿಯ ಸ್ಕ್ರೂಗೆ ಬಿಗಿದಿದ್ದರು. ಪಟ್ಟಿ ಕಬ್ಬಿಣದ್ದೇ, ಆದರೆ ಅದು ಕೂತದ್ದು ಪ್ಲಾಸ್ಟಿಕ್ಕಿನ ಮೇಲೆ. ಹಾಗಾದರೆ ಸೆಟ್ ಹೇಗೆ ನಡೆಯುತ್ತಿತ್ತು? ಆಂಟೆನಾ ವಯರಿನ ಹೊರಗಿನ ಜಾಲರಿಯ ದಾರಿಯಲ್ಲಿ. ಮುಟ್ಟಿದಾಗ ಆ ವಯರು ಬೆಚ್ಚಗಿತ್ತು. ಡ್ಯಾಶ್‌ಬೋರ್ಡಿನ ಒಳಗಿನ ಬಾಡಿ ಬೋಲ್ಟ್ ಒಂದನ್ನು ಬಿಚ್ಚಿ, ಅದರ ಬುಡದ ಪೇಂಟನ್ನು ಮರಳುಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ವಯರಿನ ತುದಿಗೆ ಉಂಗುರದ ಲಗ್ ಒತ್ತಿ ಬಿಗಿದೆವು. ಕುಂಯ್ ನಿಂತಿತು. ಕರಾವಳಿಯ ಉಪ್ಪುಗಾಳಿಗೆ ಉಜ್ಜಿದ ಜಾಗ ಬೇಗ ತುಕ್ಕು ಹಿಡಿಯುತ್ತದೆ, ಬಿಗಿದ ಮೇಲೆ ಒಂದಿಷ್ಟು ಗ್ರೀಸ್ ಬಳಿಯಿರಿ.

ಅರ್ತ್ ಸರಿಯೇ ಎಂದು ಅಳೆಯುವುದು ಹೀಗೆ: ಸೆಟ್ ಜೋರಾಗಿ ಹಾಡುತ್ತಿರುವಾಗ ಮೀಟರನ್ನು ವೋಲ್ಟಿನಲ್ಲಿಟ್ಟು ಒಂದು ಕಡ್ಡಿ ಸೆಟ್ಟಿನ ಕಪ್ಪು ವಯರಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ ಹಿಡಿಯಿರಿ. 0.1 ವೋಲ್ಟಿನ ಒಳಗಿದ್ದರೆ ಚೆನ್ನ. ಅರ್ಧ ವೋಲ್ಟ್ ಕಂಡರೆ ಆ ಅರ್ತ್ ಕೆಟ್ಟಿದೆ. ಓಮ್ ಅಳತೆ ಇಲ್ಲಿ ಮೋಸ ಮಾಡುತ್ತದೆ, ಒಂದೇ ಎಳೆ ತಾಮ್ರ ತಾಗಿದ್ದರೂ ಸರಿ ಎಂದು ತೋರಿಸಿಬಿಡುತ್ತದೆ.

ಆಂಪ್ಲಿಫೈಯರ್ ಇದ್ದರೆ ಬ್ಯಾಟರಿಯಿಂದ ಬರುವ ದಪ್ಪ ವಯರು ಕಾರಿನ ಒಂದು ಬದಿಯಲ್ಲಿ, ಹಾಡಿನ ಆರ್‌ಸಿಎ ವಯರು ಇನ್ನೊಂದು ಬದಿಯಲ್ಲಿ ಹೋಗಬೇಕು. ಎರಡನ್ನೂ ಒಟ್ಟಿಗೆ ಕಟ್ಟಿದ್ದರೆ ಬೇರೆ ಮಾಡಿ. ಈ ಸದ್ದು ತಡೆಯುವ ಫಿಲ್ಟರ್ ಕೊಳ್ಳುವುದು ಇದೆಲ್ಲ ಆದ ಮೇಲೆ.

ಫ್ಯೂಸ್ ಪದೇ ಪದೇ ಸುಡುತ್ತದೆ

ಒಮ್ಮೆ ಸುಟ್ಟರೆ ಅದೇ ಆಂಪಿಯರಿನ ಇನ್ನೊಂದು ಹಾಕಿ: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ. ಎರಡನೇ ಸಲವೂ ಸುಟ್ಟರೆ ಮೂರನೆಯದನ್ನು ಹಾಕಬೇಡಿ. ದೊಡ್ಡ ಆಂಪಿಯರಿನದ್ದು, ಬೆಳ್ಳಿಕಾಗದ, ತಂತಿಯ ತುಂಡು ಖಂಡಿತ ಬೇಡ. ಫ್ಯೂಸ್ ಇರುವುದು ಸೆಟ್ಟಿಗಿಂತ ಹೆಚ್ಚಾಗಿ ವಯರನ್ನು ಉಳಿಸಲು. 10 ಆಂಪಿಯರಿನ ವಯರಿಗೆ 30ರ ಫ್ಯೂಸ್ ಹಾಕಿದರೆ ಫ್ಯೂಸಿನ ಬದಲು ಡ್ಯಾಶ್‌ಬೋರ್ಡಿನ ಒಳಗೆ ವಯರು ಉರಿಯುತ್ತದೆ, ಆಗ ಕಾರಿನಲ್ಲಿ ನೀವಿರುತ್ತೀರಿ, ಮಕ್ಕಳಿರುತ್ತಾರೆ.

ಸೆಟ್ಟಿನ ಕಪ್ಲರ್ ಕಳಚಿ ಫ್ಯೂಸ್ ಹಾಕಿದರೂ ಸುಟ್ಟರೆ ಶಾರ್ಟ್ ಇರುವುದು ಕಾರಿನ ವಯರಿನಲ್ಲಿ. ಕಪ್ಲರ್ ಸೇರಿಸಿದಾಗ ಮಾತ್ರ ಸುಟ್ಟರೆ ಸೆಟ್ಟಿನಲ್ಲಿ ಅಥವಾ ಅದರ ವಯರಿನಲ್ಲಿ. ಸೆಟ್ಟನ್ನು ಒಳಗೆ ನೂಕುವಾಗ ಹಿಂದೆ ವಯರು ಸಿಕ್ಕಿಕೊಂಡು ಲೋಹದ ಗೂಡಿನ ಚೂಪಾದ ಅಂಚಿಗೆ ಸಿಪ್ಪೆ ಕಿತ್ತುಹೋಗಿರುತ್ತದೆ. ಟಾರ್ಚು ಹಾಕಿ ನೋಡಿದರೆ ಕೆಂಪಗಿನ ತಾಮ್ರ ಮಿನುಗುವುದು ಕಾಣುತ್ತದೆ. ತೋಟದ ಮನೆಯವರು ಇಲಿಯ ಕೆಲಸವೇ ಎಂದೂ ನೋಡಬೇಕು. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ಟಿನೊಳಗೆ ಬಂದು ಕೂರುತ್ತವೆ.

ಒಂದು ಬದಿ ಹಾಡುವುದಿಲ್ಲ, ಅಥವಾ ಬೇಸ್ ಕಾಣೆ

ಸೆಟ್ಟಿಂಗಿನಲ್ಲಿ ಬ್ಯಾಲೆನ್ಸ್ ನಡುವಿಗಿದೆಯೇ ನೋಡಿ. ಸ್ಪೀಕರಿನ ಎರಡು ವಯರಿಗೆ ಓಮ್ ಮೀಟರ್ ಇಟ್ಟರೆ 4 ಓಮಿನ ಸ್ಪೀಕರ್ 3ರಿಂದ 4 ತೋರಿಸಬೇಕು. ಏನೂ ತೋರಿಸದಿದ್ದರೆ ವಯರು ಕಡಿದಿದೆ, ಬಾಗಿಲಿನ ರಬ್ಬರ್ ಕೊಳವೆಯೊಳಗೆ ನೋಡಿ. ಸ್ಪೀಕರ್ ವಯರಿಗೂ ಬಾಡಿಗೂ ನಡುವೆ ಮಾತ್ರ ಏನೂ ತೋರಿಸಬಾರದು. ಈಗಿನ ಸೆಟ್ಟುಗಳಲ್ಲಿ ಸ್ಪೀಕರಿನ ಮೈನಸ್ ಅರ್ತ್ ಅಲ್ಲ. ಅದನ್ನು ಬಾಡಿಗೆ ಸೇರಿಸಿದರೆ ಸೆಟ್ಟಿನ ಐಸಿ (ಸ್ಪೀಕರಿಗೆ ಬಲ ಕೊಡುವ ಚಿಪ್) ಹೋಗಬಹುದು.

ನಾಲ್ಕೂ ಹಾಡುತ್ತವೆ, ಆದರೆ ಚೆಂಡೆಗೆ ತೂಕವೇ ಇಲ್ಲ ಎಂದಾದರೆ ಒಂದು ಸ್ಪೀಕರಿನ ಪ್ಲಸ್ ಮೈನಸ್ ಉಲ್ಟಾ ಆಗಿರಬಹುದು. ಸೆಟ್ಟಿನಿಂದ ಬಿಡಿಸಿದ ಸ್ಪೀಕರ್ ವಯರಿಗೆ ಟಾರ್ಚಿನ 1.5 ವೋಲ್ಟಿನ ಸೆಲ್ ಅರೆಕ್ಷಣ ತಾಗಿಸಿ. ಕೋನ್ ಹೊರಕ್ಕೆ ನೆಗೆದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್.

ರೇಡಿಯೊ ಹಿಡಿಯುವುದಿಲ್ಲ

ಮೊದಲು ಮಂಗಳೂರು ಆಕಾಶವಾಣಿಯ 100.3 ಸ್ಪಷ್ಟವಾಗಿ ಬರುತ್ತಿದ್ದ ಜಾಗದಲ್ಲೇ ನಿಂತು ನೋಡಿ, ಗುಡ್ಡದ ಮರೆಯಲ್ಲಿ ಪರೀಕ್ಷೆ ಬೇಡ. ಯುಎಸ್‌ಬಿ ಚಾರ್ಜರ್, ಡ್ಯಾಶ್ ಕ್ಯಾಮೆರಾ ಕೀಳಿ. ಅಗ್ಗದ ಚಾರ್ಜರಿನ ಸದ್ದೇ ಸ್ಟೇಷನ್ ಮುಚ್ಚುತ್ತದೆ. ಆಮೇಲೆ ನೀಲಿ ವಯರು. ಮಾಡಿನ ಮೇಲೆ ಗಿಡ್ಡ ಆಂಟೆನಾ ಇರುವ ಕಾರುಗಳಲ್ಲಿ ಒಳಗೆ ಬೂಸ್ಟರ್ ಇರುತ್ತದೆ, ಅದಕ್ಕೆ ನೀಲಿಯಿಂದ 12 ವೋಲ್ಟ್ ಹೋಗದಿದ್ದರೆ ಮಂಗಳೂರೂ ಇಲ್ಲ, ಕಣ್ಣೂರಿನ 101.5 ಕೂಡ ಇಲ್ಲ.

ಹೆಡ್‌ಲೈಟ್ ಹಾಕಿದರೆ ಸೆಟ್ ಆರುತ್ತದೆ. ಮಳೆಗೆ ಕ್ಯಾಮೆರಾ ಕಾಣುವುದಿಲ್ಲ

ಮೊದಲನೆಯದು ಅರ್ತಿನದ್ದೇ ಇನ್ನೊಂದು ಮುಖ. ಸರಿಯಾದ ಅರ್ತ್ ಇಲ್ಲದ ಸೆಟ್ ಕಿತ್ತಳೆ ವಯರಿನ ಮೂಲಕ ಡ್ಯಾಶ್‌ಬೋರ್ಡಿನ ಬಲ್ಬಿನ ದಾರಿಯಾಗಿ ಅರ್ತ್ ಹುಡುಕಿಕೊಂಡಿರುತ್ತದೆ. ಲೈಟ್ ಹಾಕಿದಾಗ ಆ ದಾರಿಗೆ 12 ವೋಲ್ಟ್ ಬಂದು ಸೆಟ್ ಆರುತ್ತದೆ. ಕಪ್ಪು ವಯರಿಗೆ ಹೊಸ ಅರ್ತ್ ಕೊಡಿ.

ಹಿಂದಿನ ಕ್ಯಾಮೆರಾ ಒಣ ದಿನ ಸರಿ, ಮಳೆ ಬಂದರೆ ಮಸುಕು ಎಂದಾದರೆ ಡಿಕ್ಕಿಯ ಬಳಿಯ ಜೋಡಣೆಗೆ ನೀರಿಳಿದಿದೆ. ರಿವರ್ಸ್ ಲೈಟಿನಿಂದ ಕರೆಂಟು ತೆಗೆದ ಗಂಟನ್ನು ಬಿಚ್ಚಿ, ತುದಿ ಕತ್ತರಿಸಿ, ಬೆಸುಗೆ ಹಾಕಿ, ಬಿಸಿ ತಾಗಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಏರಿಸಿ. ಟೇಪು ನಮ್ಮ ಒಂದು ಮಳೆಗಾಲಕ್ಕೂ ತಡೆಯುವುದಿಲ್ಲ.

ಎಲ್ಲಿ ನಿಲ್ಲಿಸಬೇಕು, ಯಾರಲ್ಲಿಗೆ ಹೋಗಬೇಕು

ಸುಟ್ಟ ವಾಸನೆ, ಹೊಗೆ, ಕೈಗೆ ಬಿಸಿ ತಾಗುವ ವಯರು: ಎಂಜಿನ್ ಬಂದ್ ಮಾಡಿ, ಎಲ್ಲರನ್ನೂ ಇಳಿಸಿ. ಹೊಗೆ ಕಡಿಮೆ ಇದ್ದರೆ ಮಾತ್ರ ಬ್ಯಾಟರಿಯ ಮೈನಸ್ ಕಳಚಿ. ಜ್ವಾಲೆ ಕಂಡರೆ ದೂರ ಹೋಗಿ 101ಕ್ಕೆ ಫೋನು ಮಾಡಿ. ಬ್ಯಾಟರಿ ಉಬ್ಬಿದ್ದರೆ, ಸೋರುತ್ತಿದ್ದರೆ ಜಂಪ್ ಸ್ಟಾರ್ಟ್ ಬೇಡ. ಸೆಟ್ ಹಾಕಿದ ಮೇಲೆ ಎಂಜಿನ್, ಎಬಿಎಸ್, ಸ್ಟೀರಿಂಗಿನ ಎಚ್ಚರಿಕೆ ದೀಪ ಉರಿದರೆ ಕಾರಿನ ಕಂಪ್ಯೂಟರುಗಳು ಮಾತಾಡುವ ತಂತಿಗೆ ಯಾರೋ ಕೈ ಹಾಕಿರಬಹುದು. ಅದು ಸ್ಕ್ಯಾನರ್ ಇರುವವರ ಕೆಲಸ.

ಇಲೆಕ್ಟ್ರಿಶಿಯನ್ನನ ಹತ್ತಿರ ಹೋದಾಗ "ಸೆಟ್ ಸರಿ ಇಲ್ಲ" ಎನ್ನಬೇಡಿ. ಕೀ ತೆಗೆದು ಅರ್ಧ ಗಂಟೆಯ ಮೇಲೆ 0.3 ಆಂಪಿಯರ್ ಎಳೆಯುತ್ತದೆ, ಸೆಟ್ಟಿನ ಫ್ಯೂಸ್ ಕಿತ್ತರೆ ಇಳಿಯುತ್ತದೆ ಎಂದು ಹೇಳಿ. ನಮ್ಮ ಕಾಸರಗೋಡಿನಲ್ಲಿ ಕನ್ನಡದಲ್ಲಿ ಹೇಳಿದರೂ ತುಳುವಿನಲ್ಲಿ, ಮಲಯಾಳದಲ್ಲಿ ಹೇಳಿದರೂ ಅರ್ತ್, ಫ್ಯೂಸ್, ಶಾರ್ಟ್ ಈ ಮೂರು ಮಾತು ಒಂದೇ. ಕಾರಿನ ವಯರು ಕಡಿಯಬೇಡಿ, ನನ್ನ ಮಾಡೆಲಿನ ಕಪ್ಲರ್ ತರಿಸಿ ಹಾಕಿ ಎಂದು ಕೇಳಿಕೊಳ್ಳಿ. ವಯರು ಕಡಿದರೆ ವಾರಂಟಿಗೂ ತಕರಾರು ಬರುತ್ತದೆ. ಸೆಟ್ಟನ್ನು ಒಳಗೆ ನೂಕುವ ಮೊದಲು ನಿಮ್ಮನ್ನು ಕರೆಯಲು ಹೇಳಿ, ಪ್ರತಿಯೊಂದು ಜೋಡಣೆಯನ್ನೂ ಮೆಲ್ಲಗೆ ಎಳೆದು ನೋಡಿ, ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.